ತಂಗಿಯ ಎದೆಗೆ ಇಟ್ಟ ಬಿಸಿ ಬಟ್ಟೆ

ನನ್ನ ಕೈಗೆ ಬಿಸಿ ತಾಗುವುದಿಲ್ಲ ಎಂದು ಜನ ಹೊಗಳುತ್ತಿದ್ದರು. ಬಾಳಂತಿಯರನ್ನು ಮೀಯಿಸುವುದು ನನ್ನ ಕೆಲಸವಾಗಿತ್ತು. ಹೆರಿಗೆಯಾಗಿ ಮನೆಗೆ ಬಂದ ಹೆಂಗಸಿನ ಮೈಗೆ ಎಣ್ಣೆ ತಿಕ್ಕಿ, ನೆಕ್ಕಿ ಸೊಪ್ಪು ಹಾಕಿ ಕಾಯಿಸಿದ ನೀರನ್ನು ಹಂಡೆಯಿಂದ ತೋಡಿ ಅವಳ ಸೊಂಟಕ್ಕೂ ಬೆನ್ನಿಗೂ ಬೀಸಿ ಹೊಯ್ಯಬೇಕು. ಬೇರೆಯವರು ಬೆರಳು ಅದ್ದಿ ಹಿಂದಕ್ಕೆ ಎಳೆದುಕೊಳ್ಳುವ ನೀರಿಗೆ ನಾನು ಮಣಿಕಟ್ಟಿನವರೆಗೆ ಕೈ ಹಾಕಿ ಹದ ನೋಡುತ್ತಿದ್ದೆ. ಬಂಟ್ವಾಳ ಪೇಟೆಯ ಹಿಂದಿನ ಓಣಿಗಳಲ್ಲಿ, ಫರಂಗಿಪೇಟೆಯ ಬ್ಯಾರಿಗಳ ಮನೆಗಳಲ್ಲಿ, ನದಿಯಾಚೆಯ ಮನೆಗಳಲ್ಲಿ ಕೂಡ ಹೆರಿಗೆಯ ದಿನ ಹತ್ತಿರ ಬಂದಾಗ ನನಗೆ ಮೊದಲೇ ಹೇಳಿ ಕಳುಹಿಸುತ್ತಿದ್ದರು.

ಈ ಕೆಲಸ ನನಗೆ ಅಮ್ಮನಿಂದ ಬಂದದ್ದು. ಅಮ್ಮ ಬೆಳ್ತಂಗಡಿಯಲ್ಲಿ ಇದನ್ನೇ ಮಾಡಿ ನಮ್ಮಿಬ್ಬರನ್ನು ಸಾಕಿದವಳು. ನಾನು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು ಎಣ್ಣೆಯ ಗಿಂಡಿ ಹಿಡಿದುಕೊಂಡು ಅವಳ ಹಿಂದೆ ಹೋದೆ. ತಂಗಿ ಹತ್ತನೆಯವರೆಗೆ ಓದಿದಳು, ಆಮೇಲೆ ಹೊಲಿಗೆ ಕಲಿತಳು. ಮದುವೆಯಾಗಿ ನಾನು ಬಂಟ್ವಾಳಕ್ಕೆ ಬಂದೆ, ಅವಳು ಮೂಡುಬಿದಿರೆಗೆ ಹೋದಳು.

ಆಸ್ಪತ್ರೆಯಿಂದ ಬಾಳಂತಿಯನ್ನು ಕಳುಹಿಸುವಾಗ ನರ್ಸುಗಳು ಏನೇನೋ ಹೇಳುತ್ತಾರೆ. ಹೊಲಿಗೆ ಹಾಕಿದೆ, ತುಂಬ ಬಿಸಿನೀರು ಬೇಡ. ಮಗುವಿನ ಮೂಗಿಗೆ ಎಣ್ಣೆ ಬಿಡಬೇಡಿ. ಹೊಟ್ಟೆಗೆ ಬಟ್ಟೆ ಬಿಗಿಯಬೇಡಿ. ಮನೆಯವರು ತಲೆಯಾಡಿಸಿ ರಿಕ್ಷಾ ಹತ್ತುತ್ತಾರೆ. ಮನೆಗೆ ಬಂದ ಮೇಲೆ ಅಜ್ಜಿಯೋ ಅತ್ತೆಯೋ ನನ್ನ ಕಡೆ ತಿರುಗಿ, "ಅವರು ಹಾಗೆ ಹೇಳಬೇಕಲ್ಲ, ಹೇಳ್ತಾರೆ. ನೀನು ಹೊಯ್ಯಿ ಮಾರಾಯ್ತಿ" ಎನ್ನುತ್ತಾರೆ. ನಾನು ಹೊಯ್ಯುತ್ತಿದ್ದೆ. ಯಾರಿಗೂ ಏನೂ ಆಗಲಿಲ್ಲ, ಅಥವಾ ಆದದ್ದು ನನ್ನ ಕಿವಿಯವರೆಗೆ ಬರಲಿಲ್ಲ. ವರ್ಷಗಟ್ಟಲೆ ಹೀಗೆ ನರ್ಸಿನ ಮಾತನ್ನು ಕೇಳಿಸಿಕೊಂಡು ಪಕ್ಕಕ್ಕೆ ಇಡುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಆ ಅಭ್ಯಾಸದಿಂದ ನನ್ನ ತಂಗಿಗೆ ನಾನು ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವಳ ಎಡ ಎದೆಯಲ್ಲಿ ಗಂಟು ಕಾಣಿಸಿದ್ದು ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಕಾಲವಾದ ಮೇಲೆ. ಆಗ ಅವಳು ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ ಹಿಡಿದು ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ಕಾಲೇಜಿನ ಹುಡುಗಿಯರು ಚೂಡಿದಾರಕ್ಕೆ ಅಳತೆ ಕೊಡಲು ಸಾಲಾಗಿ ಬರುತ್ತಿದ್ದರು. ಗಂಡ ಗಲ್ಫಿನಲ್ಲಿ ಹೋಟೆಲಿನ ಅಡುಗೆಯವನು. ಮಂಗಳೂರಿನ ಆಸ್ಪತ್ರೆಯಲ್ಲಿ ಆ ಎದೆಯನ್ನು ಪೂರ್ತಿ ತೆಗೆದರು. ಆಮೇಲೆ ಕೂದಲು ಉದುರಿಸುವ ಮದ್ದು. ಆ ಕಾಯಿಲೆಯ ಹೆಸರನ್ನು ನಾವಿಬ್ಬರೂ ಬಾಯಲ್ಲಿ ಹೇಳುತ್ತಿರಲಿಲ್ಲ. ನೆರೆಯವರು ಕೇಳಿದರೆ ಗರ್ಭಕೋಶದ ತೊಂದರೆ ಎನ್ನುತ್ತಿದ್ದೆ, ಅದಾದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಅವಳು ಕೆಮ್ಮಿದರೆ ಅದೇ ಮತ್ತೆ ಬಂತೇನೋ ಎಂದು ಹೆದರುತ್ತಿದ್ದೆ. ಬೆನ್ನು ನೋವು ಎಂದರೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಕೂದಲು ಮತ್ತೆ ಬಂತು. ಪರೀಕ್ಷೆಗಳೆಲ್ಲ ಸರಿ ಬಂದವು. ಅವಳು ಹೊಲಿಗೆಗೆ ಕುಳಿತಳು. ರವಿಕೆಯ ಎಡಭಾಗಕ್ಕೆ ತಾನೇ ಹತ್ತಿ ತುಂಬಿ ಒಂದು ಸಣ್ಣ ದಿಂಬು ಹೊಲಿದು ಇಟ್ಟುಕೊಂಡಿದ್ದಳು. ಒಂದು ದಿನ ಒಬ್ಬಳು ಹುಡುಗಿಯ ಪ್ಯಾಂಟಿನ ಅಳತೆ ತೆಗೆಯಲು ಬಗ್ಗಿದಾಗ ಆ ದಿಂಬು ಸರಿದು ಕುತ್ತಿಗೆಯ ಹತ್ತಿರ ಬಂತಂತೆ.

"ನಕ್ಕಿದ್ದರೆ ಚೆನ್ನಾಗಿತ್ತು ಅಕ್ಕ," ಎಂದಳು ನನ್ನ ಹತ್ತಿರ. "ನಗಲಿಲ್ಲ. ಪಾಪ ಅಂತ ನೋಡಿದಳು."

ಅದಾದ ಮೇಲೆ ಅವಳು ತಾನಾಗಿಯೇ ಡಾಕ್ಟರ ಹತ್ತಿರ ಹೋಗಿ ವಿಚಾರಿಸಿದಳು. ಬೆನ್ನಿನ ಕಡೆಯಿಂದ ಮಾಂಸವನ್ನೂ ಚರ್ಮವನ್ನೂ ಮುಂದಕ್ಕೆ ತಿರುಗಿಸಿ ತಂದು, ಅದರೊಳಗೆ ಸಿಲಿಕಾನಿನ ಚೀಲ ಇಟ್ಟು ಎದೆ ಮಾಡಿಕೊಡುತ್ತಾರೆ ಎಂದು ತಿಳಿದುಕೊಂಡು ಬಂದಳು. ಗಂಡ ಫೋನಿನಲ್ಲಿ, ನನಗೆ ಅದೆಲ್ಲ ಬೇಡ, ನೀನು ಇದ್ದರೆ ಸಾಕು ಎಂದನಂತೆ. "ನಿಮಗೆ ಯಾರು ಕೇಳಿದ್ದು, ಇದು ನನಗೆ ಅಂದೆ" ಎಂದು ನನ್ನ ಹತ್ತಿರ ಹೇಳಿ ನಕ್ಕಳು. ನಾನು ನಗಲಿಲ್ಲ. ಒಮ್ಮೆ ಕತ್ತರಿಸಿದ ಜಾಗವನ್ನು ಮತ್ತೆ ಬಿಚ್ಚುವುದು, ಒಳಗೆ ಯಾವುದೋ ವಸ್ತು ಇಡುವುದು. ಬೇಡ ಎನ್ನಲು ಬಾಯಿ ತೆರೆದೆ. ಆದರೆ ಕಾಯಿಲೆ ಬಂದ ಮೇಲೆ ಅವಳು ಯಾವುದನ್ನೂ ಇಷ್ಟು ಬೇಕೆಂದು ಕೇಳಿರಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಅವಳ ಮನೆಯಲ್ಲಿ ಕಣ್ಣು ಮಂಜಾದ ಅತ್ತೆ ಒಬ್ಬರೇ ಇದ್ದುದರಿಂದ ನನ್ನ ಮನೆಗೇ ಕರೆದುಕೊಂಡು ಬಂದೆ. ಎಡಗೈ ಎತ್ತಬಾರದು, ಕೊಡಪಾನ ಹೊರಬಾರದು, ಮಗುಚಿ ಮಲಗಬಾರದು. ಅದನ್ನೆಲ್ಲ ಕಾಯುವುದು ನನಗೆ ಕಷ್ಟವಾಗಲಿಲ್ಲ, ಬಾಳಂತಿಯರನ್ನು ಕಾದು ಅಭ್ಯಾಸವಿತ್ತು. ಹೊಲಿಗೆ ಬಿಚ್ಚಿಸಲು ಹೋದ ದಿನ ಡಾಕ್ಟರು ನೋಡಿ, ಗಾಯ ಒಣಗಿದೆ, ಇನ್ನು ಮಸಾಜು ಶುರು ಮಾಡಬಹುದು ಎಂದರು. ಮನೆಯಲ್ಲಿ ಯಾರು ಮಾಡುತ್ತೀರಿ ಎಂದು ಕೇಳಿದಾಗ ತಂಗಿ ಹೆಮ್ಮೆಯಿಂದ ನನ್ನನ್ನು ಮುಂದೆ ತಳ್ಳಿದಳು. "ನಮ್ಮ ಊರಿನ ಬಾಳಂತಿಯರೆಲ್ಲ ಇವಳ ಕೈಯಲ್ಲೇ ಡಾಕ್ಟ್ರೇ."

ಕಲಿಸಿಕೊಟ್ಟದ್ದು ಒಬ್ಬಳು ನರ್ಸು. ಕೇರಳದ ಕಡೆಯ ಹುಡುಗಿ. ಕನ್ನಡವನ್ನು ಒಂದೊಂದೇ ಪದ ಹುಡುಕಿ ಆಡುತ್ತಿದ್ದಳು. ಒಳಗೆ ಇಟ್ಟ ಚೀಲದ ಸುತ್ತ ಮೈ ತಾನೇ ಒಂದು ಗೋಡೆ ಕಟ್ಟಿಕೊಳ್ಳುತ್ತದೆ, ಚೀಲವನ್ನು ದಿನಾ ಅಲ್ಲಾಡಿಸುತ್ತಿದ್ದರೆ ಗೋಡೆ ಸಡಿಲವಾಗಿರುತ್ತದೆ, ಬಿಟ್ಟರೆ ಬಿಗಿದು ಕಲ್ಲಿನ ಹಾಗಾಗಬಹುದು, ನೋವಾಗಬಹುದು ಎಂದು ವಿವರಿಸಿದಳು. ನನ್ನ ಅಂಗೈಯನ್ನು ತಂಗಿಯ ಎದೆಯ ಮೇಲೆ ಇಡಿಸಿ ಅದರ ಮೇಲೆ ತನ್ನ ಕೈ ಇಟ್ಟಳು. ಮೇಲಿನಿಂದ ಕೆಳಕ್ಕೆ ಒತ್ತಿ ಹಿಡಿಯಬೇಕು, ಬಿಡಬೇಕು. ಕಂಕುಳ ಕಡೆಯಿಂದ ನಡುವಿಗೆ ಒತ್ತಿ ಹಿಡಿಯಬೇಕು, ಬಿಡಬೇಕು. ತಿಕ್ಕಬಾರದು. ಅವಳ ಕೈ ಒತ್ತಿದಂತೆ ನನ್ನ ಅಂಗೈಯ ಕೆಳಗೆ ಏನೋ ಒಂದು ತನ್ನ ಜಾಗ ಬಿಟ್ಟು ಸರಿಯಿತು. ಮೀನಿನ ಬುಟ್ಟಿಗೆ ಕೈ ಹಾಕಿದಾಗ ಸತ್ತಿದೆ ಎಂದುಕೊಂಡ ಮೀನು ಮಿಸುಕಿದರೆ ಹೇಗೋ ಹಾಗೆ. ನೂರಾರು ಹೆಂಗಸರ ಮೈ ಮುಟ್ಟಿದವಳು ನಾನು. ಆದರೆ ಅವೆಲ್ಲ ಅವರದೇ ಮೈ.

ತಂಗಿ ಪರದೆಯ ಹಿಂದೆ ರವಿಕೆ ತೊಡುತ್ತಿದ್ದಾಗ ನಾನು ಹೊರಗೆ ಬಂದೆ. ನರ್ಸು ನನ್ನ ಹಿಂದೆಯೇ ಬಂದು ಜಗಲಿಯಲ್ಲಿ ನಿಲ್ಲಿಸಿದಳು.

"ಅಕ್ಕ, ಒಂದು ಮಾತು. ಅಲ್ಲಿಗೆ ಬಿಸಿ ಕೊಡಬೇಡಿ. ಬಿಸಿನೀರಿನ ಚೀಲ, ಬಿಸಿ ಬಟ್ಟೆ, ಏನೂ ಬೇಡ. ಅವರಿಗೆ ಅಲ್ಲಿ ಸುಟ್ಟರೂ ಗೊತ್ತಾಗುವುದಿಲ್ಲ."

ನಾನು ತಲೆಯಾಡಿಸಿದೆ. ತಂಗಿ ಹೊರಗೆ ಬರುವಾಗ ಅವಳು ಬೇರೆ ರೋಗಿಯ ಕಡೆಗೆ ಹೋಗಿಯಾಗಿತ್ತು. ಬಸ್ಸಿನಲ್ಲಿ ತಂಗಿಗೆ ಆ ಮಾತು ಹೇಳಬೇಕೆಂದು ನನಗೆ ಅನ್ನಿಸಲೇ ಇಲ್ಲ. ನರ್ಸುಗಳು ಎಲ್ಲರಿಗೂ ಬಿಸಿ ಬೇಡ ಎನ್ನುತ್ತಾರೆ.

ಬೆಳಗ್ಗೆ ನನ್ನ ಗಂಡ ಮರದ ಮಿಲ್ಲಿಗೆ ಹೋದ ಮೇಲೆ, ಸಂಜೆ ಅವರು ಬರುವ ಮೊದಲು, ನಡುಕೋಣೆಯ ಬಾಗಿಲು ಹಾಕಿಕೊಂಡು ನಾವಿಬ್ಬರು ಕೂರುತ್ತಿದ್ದೆವು. ಕಿಟಕಿಗೆ ಹಳೆ ಸೀರೆ ಕಟ್ಟಿದ್ದೆ. ತಂಗಿ ಚಾಪೆಯ ಮೇಲೆ ಅಂಗಾತ ಮಲಗಿ ಸೆರಗು ಸರಿಸುತ್ತಿದ್ದಳು. ಎದೆಯ ನಡುವೆ ಬೆನ್ನಿನಿಂದ ತಂದ ಚರ್ಮ ದೋಣಿಯ ಆಕಾರದಲ್ಲಿ ಬೇರೆ ಬಣ್ಣಕ್ಕಿತ್ತು, ಸುತ್ತ ಹೊಲಿಗೆಯ ಗುರುತು. ನಾನು ಅಂಗೈಗೆ ಎಣ್ಣೆ ಹಾಕಿಕೊಂಡು ಇಡುತ್ತಿದ್ದೆ. ಒತ್ತಲು ಹೊರಟರೆ ಕೈ ಹಿಂದೆಗೆಯುತ್ತಿತ್ತು. ಹೊಲಿಗೆ ಬಿಟ್ಟರೆ? ಚೀಲ ಒಡೆದು ಅದರೊಳಗಿನದು ರಕ್ತಕ್ಕೆ ಸೇರಿದರೆ? ಮೊದಲಿನ ಗಂಟು ಇದ್ದದ್ದೂ ಅದೇ ಜಾಗದಲ್ಲಿ. ನಾನು ಒತ್ತಿ ಒತ್ತಿ ಮಲಗಿದ್ದ ಅದನ್ನು ಎಬ್ಬಿಸಿದರೆ? ಇಂಥ ಯೋಚನೆಗಳನ್ನು ಅವಳ ಹತ್ತಿರ ಹೇಳುವ ಹಾಗಿರಲಿಲ್ಲ.

"ಇಡ್ಲಿ ಬೆಂದಿದೆಯಾ ಅಂತ ನೋಡುವ ಹಾಗೆ ಮುಟ್ತಿ ಅಲ್ವಾ ನೀನು," ಎಂದು ಅವಳು ತಮಾಷೆ ಮಾಡುತ್ತಿದ್ದಳು.

"ನಿನಗೆ ಹೇಗೆ ಗೊತ್ತು? ಅಲ್ಲಿ ಗೊತ್ತಾಗುವುದಿಲ್ಲ ಅಂತಿಯಲ್ಲ."

"ನಿನ್ನ ಮುಖ ಕಾಣ್ತದಲ್ಲ."

ಆಮೇಲಿಂದ ನಾನು ಮುಖವನ್ನು ಸರಿಮಾಡಿಕೊಂಡೆ. ತುಟಿ ಕಚ್ಚಿ, ಭುಜವನ್ನು ಬಗ್ಗಿಸಿ, ಬಲ ಹಾಕುವವಳ ಹಾಗೆ ಉಸಿರು ಬಿಡುತ್ತಿದ್ದೆ. ಕೈ ಮಾತ್ರ ಸುಮ್ಮನೆ ಅವಳ ಚರ್ಮದ ಮೇಲೆ ಇರುತ್ತಿತ್ತು. ಅವಳಿಗೆ ಅಲ್ಲಿ ಸ್ಪರ್ಶವೇ ಇರಲಿಲ್ಲವಾದ್ದರಿಂದ ಒತ್ತಿದ್ದೂ ಒತ್ತದೆ ಇದ್ದದ್ದೂ ಒಂದೇ. ಕೆಲವು ದಿನ ಧೈರ್ಯ ಬಂದು ಒತ್ತುತ್ತಿದ್ದೆ, ಅದು ಸರಿದ ಕೂಡಲೇ ಬಿಟ್ಟುಬಿಡುತ್ತಿದ್ದೆ. ಎದ್ದು ಸೆರಗು ಹೊದ್ದುಕೊಂಡು ಅವಳು, "ಬಚ್ಚಿತಾ ಅಕ್ಕ? ಚಹಾ ಮಾಡ್ತೇನೆ" ಎನ್ನುತ್ತಿದ್ದಳು. ನಾನು ಸುಸ್ತಾದವಳ ಹಾಗೆ ಕೂತು ಆ ಚಹಾ ಕುಡಿಯುತ್ತಿದ್ದೆ.

ಹೀಗೆ ದಿನಗಳು ಹೋದವು. ಒಂದು ಬೆಳಗ್ಗೆ ಅಂಗೈ ಇಟ್ಟಾಗ ಅದು ಮೊದಲಿನ ಹಾಗಿಲ್ಲ ಅನ್ನಿಸಿತು. ಬಲಗಡೆಯದಕ್ಕಿಂತ ಸ್ವಲ್ಪ ಮೇಲೆ ನಿಂತಿತ್ತು. ಅಂಚು ಬಿಗಿಯಾಗಿತ್ತು. ನಿಜವಾಗಿ ಬಿಗಿದಿತ್ತೋ, ನನ್ನ ಹೆದರಿಕೆಯೇ ಹಾಗೆ ಅನ್ನಿಸಿತೋ ಈಗಲೂ ತಿಳಿಯದು. ಅಂದು ಒತ್ತಿ ನೋಡಿದೆ. ಸರಿಯಲಿಲ್ಲ. ಇನ್ನೂ ಒತ್ತಿದೆ. ಸರಿಯಲಿಲ್ಲ. ಡಾಕ್ಟರಿಗೆ ತೋರಿಸುವ ದಿನ ಹತ್ತಿರವಿತ್ತು. ಅವರು ಮುಟ್ಟಿದ ಕೂಡಲೇ, ಇವಳು ಮಸಾಜು ಮಾಡಿಲ್ಲ ಎಂದು ತಿಳಿದುಬಿಡುತ್ತದೆ. ತಂಗಿಯ ಎದುರಿಗೇ ಹೇಳುತ್ತಾರೆ.

"ಗಟ್ಟಿ ಆಗಿದೆಯಾ?" ಎಂದು ಅವಳು ಕೇಳಿದಳು. ನನ್ನ ಮುಖ ಆಗ ಹೇಗಿತ್ತೋ.

"ಇಲ್ಲ. ಸ್ವಲ್ಪ ಮೆತ್ತಗೆ ಮಾಡುವ. ಬಿಸಿ ಕೊಟ್ಟರೆ ಸರಿ ಆಗ್ತದೆ."

ಅವಳು ಮೊಣಕೈ ಊರಿ ಎದ್ದು ಕೂತಳು. "ಬಿಸಿ ಕೊಡಬಹುದಾ? ಆ ನರ್ಸು ಏನಾದ್ರೂ ಹೇಳಿದ್ಳಾ?"

"ಎಂತದೂ ಹೇಳ್ಲಿಲ್ಲ," ಎಂದೆ.

ಆ ಮಾತು ಬಾಯಿಗೆ ಎಷ್ಟು ಸುಲಭವಾಗಿ ಬಂತು ಎಂದು ನೆನೆದರೆ ಈಗಲೂ ಭಯವಾಗುತ್ತದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ಆದರೆ ಅದು ಕೇಡಿನ ಸುಳ್ಳು ಎಂದು ಅನ್ನಿಸಲಿಲ್ಲ. ಎಷ್ಟು ಮನೆಗಳಲ್ಲಿ ಹೊಲಿಗೆ ಹಾಕಿದ ಹೊಟ್ಟೆಯವರಿಗೆ ಬಿಸಿನೀರು ಹೊಯ್ದಿದ್ದೇನೆ, ಎಷ್ಟು ಬಾಳಂತಿಯರ ಗಡ್ಡೆ ಕಟ್ಟಿದ ಎದೆಗೆ ಬಿಸಿ ಬಟ್ಟೆ ಒತ್ತಿ ಹಾಲು ಇಳಿಸಿದ್ದೇನೆ. ಬಿಗಿದದ್ದೆಲ್ಲ ಬಿಸಿಗೆ ಸಡಿಲವಾಗುವುದನ್ನೇ ನಾನು ನೋಡುತ್ತ ಬಂದವಳು. ಎದೆ ಎಂದರೆ ಎದೆ ಎಂದುಕೊಂಡೆ.

ಹಂಡೆಯ ನೀರು ತಂದು ಮೈ ಒರೆಸುವ ಬೈರಾಸು ಅದ್ದಿ ಹಿಂಡಿ ಅವಳ ಎದೆಯ ಮೇಲೆ ಹಾಸಿದೆ. ಅವಳು ಕಣ್ಣು ಮುಚ್ಚಿಕೊಂಡು ಅಂಗಡಿಯ ಸುದ್ದಿ ಹೇಳತೊಡಗಿದಳು. ಯಾರೋ ಒಬ್ಬಳು ಮದುವೆಯ ರವಿಕೆಯನ್ನು ಹಿಂದಿನ ದಿನ ತಂದುಕೊಟ್ಟು ನಾಳೆಗೇ ಬೇಕು ಎಂದು ಅತ್ತ ಕತೆ. ನಾನು ನಡುವೆ, ಬಿಸಿ ಹೇಗುಂಟು ಎಂದು ಕೇಳಿದೆ.

"ಕುತ್ತಿಗೆ ಹತ್ತಿರ ಬೆಚ್ಚಗುಂಟು. ಎದೆಗೆ ಎಂತದೂ ಗೊತ್ತಾಗುವುದಿಲ್ಲ."

ಬಿಸಿ ಸಾಲದು ಎಂದು ನಾನು ಅರ್ಥ ಮಾಡಿಕೊಂಡೆ. ಒಲೆಯ ಮೇಲೆ ಕುದಿಯುತ್ತಿದ್ದ ಪಾತ್ರೆಯಿಂದ ನೀರು ಸೇರಿಸಿ ಮತ್ತೆ ಅದ್ದಿದೆ. ನನ್ನ ಕೈಗೆ ಅದು ಹದವಾಗಿಯೇ ಇತ್ತು. ಬಟ್ಟೆಯ ಮೇಲೆಯೇ ಅಂಗೈ ಇಟ್ಟು ಒತ್ತಿದೆ. ಅದು ಸರಿಯಿತು. ಕೆಳಕ್ಕೆ ಒತ್ತಿದರೆ ಕೆಳಕ್ಕೆ, ನಡುವಿಗೆ ಒತ್ತಿದರೆ ನಡುವಿಗೆ. ಎಷ್ಟೋ ದಿನಗಳ ಮೇಲೆ ನನಗೆ ಉಸಿರು ಬಂದ ಹಾಗಾಯಿತು. ಸಂಜೆಯೂ ಹಾಗೆಯೇ ಮಾಡಿದೆ, ಮರುದಿನವೂ.

ಅದರ ಮರುದಿನ ಬೆಳಗ್ಗೆ ಸೆರಗು ಸರಿಸಿದಾಗ ಎದೆಯ ಕೆಳಗಿನ ಮಡಿಕೆಯಲ್ಲಿ ಕೆಂಪು ಇತ್ತು. ಅದರ ನಡುವೆ ಬೆರಳ ತುದಿಯಷ್ಟು ನೀರುಗುಳ್ಳೆ. ಪಕ್ಕದಲ್ಲಿ ಇನ್ನೊಂದು ಆಗಲೇ ಒಡೆದು ಹಸಿಯಾಗಿತ್ತು. ಮೇಲಿನಿಂದ ನೋಡಿದರೆ ಅವಳಿಗೆ ಆ ಜಾಗ ಕಾಣುತ್ತಿರಲಿಲ್ಲ. ನೋವೂ ಇರಲಿಲ್ಲ. ಅವಳು ಆರಾಮವಾಗಿ ಮಲಗಿ ಜಂತಿ ನೋಡುತ್ತಿದ್ದಳು. ನರ್ಸು ಜಗಲಿಯಲ್ಲಿ ಹೇಳಿದ ಮಾತು ಆಗ ಪೂರ್ತಿಯಾಗಿ, ಅವಳ ದನಿಯಲ್ಲೇ ನನ್ನ ಕಿವಿಗೆ ಬಂತು.

"ಎಂತ ನೋಡ್ತಿ?"

"ಬೆವರಿಗೆ ಸ್ವಲ್ಪ ಕೆಂಪಾಗಿದೆ. ಎಣ್ಣೆ ಹಚ್ತೇನೆ."

ತೆಂಗಿನೆಣ್ಣೆಯಲ್ಲಿ ಅರಸಿನ ಕಲಸಿ ಹಚ್ಚಿ, ಮೇಲೆ ಹಳೆ ಪಂಚೆಯ ತುಂಡು ಇಟ್ಟೆ. ಅಂದೇ ಮಂಗಳೂರಿನ ಬಸ್ಸು ಹತ್ತಬಹುದಿತ್ತು. ಬಸ್ಸುಗಳು ಮನೆಯ ಎದುರಿನ ರಸ್ತೆಯಲ್ಲೇ ಹೋಗುತ್ತಿದ್ದವು. ಹೋದರೆ ಕೇಳುತ್ತಾರೆ. ಎರಡು ದಿನದಲ್ಲಿ ಒಣಗಬಹುದು, ಒಣಗಿದ ಮೇಲೆ ಹೋಗುವ ಎಂದುಕೊಂಡೆ. ಹಾಗೆಂದುಕೊಂಡು ಫರಂಗಿಪೇಟೆಯ ಮನೆಯೊಂದಕ್ಕೆ ಬಾಳಂತಿ ಮೀಯಿಸಲು ಹೋದೆ. ಚೆಂಬು ಎತ್ತಿದರೆ ನೀರು ಬಾಳಂತಿಯ ಮೇಲೆ ಬೀಳದೆ ಹೊರಗೆ ಬೀಳುತ್ತಿತ್ತು. ಆ ಮನೆಯ ಅಜ್ಜಿ, ಜ್ವರವಾ ಎಂದು ಕೇಳಿದರು. ಹೌದೆಂದೆ. ಸಂಜೆ ಮನೆಗೆ ಬಂದು ಬಟ್ಟೆ ತೆಗೆದು ನೋಡಿದರೆ ಹಸಿ ಇನ್ನೂ ಅಗಲವಾಗಿತ್ತು. ಮತ್ತೆ ಅರಸಿನ ಹಚ್ಚಿದೆ. ಇವತ್ತು ಹೇಗುಂಟು ಎಂದು ಅವಳು ಕೇಳಿದಾಗಲೆಲ್ಲ, ಕಡಿಮೆ ಉಂಟು ಎನ್ನುತ್ತಿದ್ದೆ.

ಜ್ವರ ನಿಜವಾಗಿ ಬಂದದ್ದು ಅವಳಿಗೆ. ಒಂದು ಮಧ್ಯಾಹ್ನ ಗಂಜಿ ಬೇಡ ಎಂದು ಮಲಗಿದಳು. ಮೈ ಮುಟ್ಟಿದರೆ ಸುಡುತ್ತಿತ್ತು. ಎದೆಯ ಬಟ್ಟೆ ಹಳದಿಯಾಗಿ ಒದ್ದೆಯಾಗಿತ್ತು. ಅದು ಅರಸಿನದ ಹಳದಿಯಲ್ಲ. ವಾಸನೆ ಬರುತ್ತಿತ್ತು. ಆಗ ನಾನು ಓಡಿ ರಿಕ್ಷಾ ತಂದೆ. ಮಂಗಳೂರಿನವರೆಗೂ ಅವಳು ನನ್ನ ಭುಜಕ್ಕೆ ತಲೆ ಇಟ್ಟುಕೊಂಡು, "ಎಂತ ಆಗಿರಬಹುದು ಅಕ್ಕ? ಅದೇ ಮತ್ತೆ ಬಂತಾ?" ಎಂದು ಕೇಳುತ್ತಲೇ ಇದ್ದಳು. ಅದಲ್ಲ, ಅದಲ್ಲ ಎಂದು ನಾನು ಹೇಳುತ್ತಿದ್ದೆ. ಯಾವುದು ಎಂದು ಹೇಳಲಿಲ್ಲ. ಕಾಯಿಲೆ ತಿರುಗಿ ಬಂತೆಂದು ಅವಳು ದಾರಿಯುದ್ದಕ್ಕೂ ನಡುಗುವುದನ್ನು ನೋಡುತ್ತಾ ಬಾಯಿ ಮುಚ್ಚಿಕೊಂಡು ಕೂತೆ. ನಾನು ಮಾಡಿದ್ದರಲ್ಲಿ ಇದೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಡಾಕ್ಟರು ಬಟ್ಟೆ ತೆಗೆದು ಬಗ್ಗಿ ನೋಡಿದರು. ಆಮೇಲೆ, ಇದಕ್ಕೆ ಬಿಸಿ ಇಟ್ಟಿದ್ದೀರಾ ಎಂದು ಕೇಳಿದರು. ತಂಗಿ ಹೌದೆಂದಳು, ಬಿಸಿ ಬಟ್ಟೆ ಇಟ್ಟೆವು ಎಂದಳು. ಅವಳಿಗೆ ಮುಚ್ಚಿಡಲು ಏನೂ ಇರಲಿಲ್ಲ. ಇಡಬಾರದೆಂದು ನರ್ಸು ಹೇಳಲಿಲ್ಲವೇ ಎಂದು ಅವರು ಕೇಳಿದರು. ಯಾರೂ ಹೇಳಲಿಲ್ಲ ಎಂದಳು. ಡಾಕ್ಟರು ನರ್ಸನ್ನು ಕರೆಸಿದರು.

ಅವಳು ಬಂದು ಎದೆಯನ್ನು ನೋಡಿದಳು, ಆಮೇಲೆ ನನ್ನನ್ನು. "ಹೇಳಿದ್ದೆ ಡಾಕ್ಟರ್. ಈ ಅಕ್ಕನಿಗೆ ಹೇಳಿದ್ದೆ."

ಎಲ್ಲರೂ ನನ್ನ ಕಡೆ ತಿರುಗಿದರು. ತಂಗಿಯೂ. ಜ್ವರದ ಕಣ್ಣು ಅಗಲ ಮಾಡಿಕೊಂಡು ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ನನಗೆ ಹೇಳ್ಲಿಲ್ಲ," ಎಂದೆ. "ಹೇಳಿದ್ದರೆ ನಾನು ಇಡ್ತಿದ್ದೆನಾ?"

ಆ ಹುಡುಗಿ ಇನ್ನೊಂದು ಮಾತು ಆಡಲಿಲ್ಲ. ಕನ್ನಡದ ಪದ ಸಿಗಲಿಲ್ಲವೋ, ಆಡಿ ಪ್ರಯೋಜನವಿಲ್ಲ ಎಂದುಕೊಂಡಳೋ. ಡಾಕ್ಟರು ಅವಳಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ನನಗೆ ಮಾತು ತಿಳಿಯಲಿಲ್ಲ, ಅವಳ ಕಿವಿ ಕೆಂಪಾದದ್ದು ಕಾಣಿಸಿತು. ಟ್ರೇ ಎತ್ತಿಕೊಂಡು ತಲೆ ತಗ್ಗಿಸಿ ಹೊರಗೆ ಹೋದಳು.

ಕೀವು ಒಳಗಿನ ಚೀಲದವರೆಗೂ ಇಳಿದಿತ್ತು. ಅದನ್ನು ತೆಗೆಯದೆ ಬೇರೆ ದಾರಿ ಇರಲಿಲ್ಲ. ತೆಗೆದರು. ತಂಗಿ ಮೂಡುಬಿದಿರೆಗೆ ಹೋಗಿ ಹತ್ತಿಯ ದಿಂಬನ್ನು ಮತ್ತೆ ಹೊಲಿದುಕೊಂಡಳು. ನನ್ನ ಮೇಲೆ ಅವಳಿಗೆ ಸ್ವಲ್ಪವೂ ಸಂಶಯ ಬರಲಿಲ್ಲ. ನೆಂಟರು ಬಂದಾಗ, ಅಕ್ಕ ಇಲ್ಲದಿದ್ದರೆ ನಾನು ಜ್ವರದಲ್ಲೇ ಹೋಗುತ್ತಿದ್ದೆ ಎನ್ನುತ್ತಿದ್ದಳು. ಆ ನರ್ಸಿನ ಮಾತು ಬಂದರೆ ಮಾತ್ರ ಅವಳ ದನಿ ಬದಲಾಗುತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು ಆ ಹುಡುಗಿ, ನಾಲಗೆ ಸವೆಯುತ್ತಿತ್ತಾ ಎಂದು ಕೇಳುತ್ತಿದ್ದಳು. ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಆ ಹುಡುಗಿಯ ಕೆಲಸ ಉಳಿಯಿತೋ ಹೋಯಿತೋ ಎಂದು ವಿಚಾರಿಸುವ ಧೈರ್ಯ ನನಗಿರಲಿಲ್ಲ. ಮಂಗಳೂರಿನ ಬಸ್ಸಿನಲ್ಲಿ ಬಿಳಿ ಉಡುಪಿನ ಹುಡುಗಿಯರು ಹತ್ತಿದರೆ ಮುಖವನ್ನು ಕಿಟಕಿಯ ಕಡೆ ತಿರುಗಿಸುತ್ತಿದ್ದೆ.

ಹೀಗೆಯೇ ಮುಗಿದಿದ್ದರೆ ನಾನು ಯಾರಿಗೂ ಹೇಳದೆ ಇದ್ದುಬಿಡುತ್ತಿದ್ದೆ ಎಂದು ಕಾಣುತ್ತದೆ. ಆದರೆ ಗಾಯ ಪೂರ್ತಿ ಮಾಗಿ, ವರ್ಷ ಕಳೆದ ಮೇಲೆ ಡಾಕ್ಟರು ಇನ್ನೊಮ್ಮೆ ಚೀಲ ಇಡಬಹುದು ಎಂದರು. ಅದನ್ನು ಹೇಳಲು ತಂಗಿ ಬಂಟ್ವಾಳಕ್ಕೆ ಬಂದಳು. ನನಗೆ ಹೊಸ ರವಿಕೆ ಹೊಲಿದು ತಂದಿದ್ದಳು. ಎರಡನೆಯ ಸಲ ಹೆದರಿಕೆ ಹೆಚ್ಚು ಎಂದಳು. ಗಂಡನೂ ಬೇಡ ಅನ್ನುತ್ತಿದ್ದಾನೆ ಎಂದಳು. ಆಮೇಲೆ ನನ್ನ ಕೈ ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ನೀನು ನೋಡಿಕೊಳ್ತಿ ಅಂದ್ರೆ ಮಾತ್ರ ಮಾಡಿಸ್ತೇನೆ. ಬೇರೆ ಯಾರ ಕೈಗೂ ನಾನು ಮೈ ಕೊಡುವುದಿಲ್ಲ."

ಹೂಂ ಎಂದರೆ ಮುಗಿಯುತ್ತಿತ್ತು. ಅಂದಿದ್ದರೆ ಅದೇ ಕೋಣೆ, ಅದೇ ಚಾಪೆ, ಅದೇ ನನ್ನ ಕೈ. ನಾನು ಮತ್ತೆ ಒತ್ತದೆ ಒತ್ತಿದ ಹಾಗೆ ಮಾಡುತ್ತೇನೆ ಎಂದು ನನಗೆ ಗೊತ್ತಿತ್ತು. ಈ ಸಲ ಏನಾಗುತ್ತದೋ ಎಂಬ ಭಯ, ಅವಳು ಏನನ್ನುತ್ತಾಳೋ ಎಂಬ ಭಯಕ್ಕಿಂತ ದೊಡ್ಡದಾಯಿತು.

"ಆ ನರ್ಸು ಹೇಳಿದ್ದಳು," ಎಂದೆ.

"ಎಂತ ಹೇಳಿದ್ದಳು?"

"ಬಿಸಿ ಬೇಡ ಅಂತ. ನೀನು ಒಳಗೆ ರವಿಕೆ ಹಾಕ್ತಾ ಇದ್ದಿ. ನನಗೆ ಹೇಳಿದ್ದಳು."

ಅವಳು ನನ್ನ ಕೈ ಬಿಡಲಿಲ್ಲ. ಹಿಡಿದದ್ದನ್ನು ಮರೆತಿರಬೇಕು. "ಮತ್ತೆ ನಾನು ಕೇಳಿದಾಗ?"

"ಹೇಳ್ಲಿಲ್ಲ ಅಂದೆ."

"ಡಾಕ್ಟ್ರು ಕೇಳಿದಾಗ?"

"ಆಗಲೂ."

ಅವಳು ನನ್ನ ಅಂಗೈಯನ್ನು ಮಗುಚಿ ನೋಡಿದಳು.

"ಒತ್ತುತ್ತಿದ್ದಿಯಾ, ಅದಾದ್ರೂ?"

ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. "ಕೆಲವು ದಿನ," ಎಂದೆ. "ಹೆದರಿಕೆ ಆಗ್ತಿತ್ತು."

"ನನಗೆ ಗೊತ್ತಾಗುವುದಿಲ್ಲ ಅಂತ ಅಲ್ವಾ," ಎಂದು ಅವಳು ಮೆಲ್ಲಗೆ ಹೇಳಿದಳು. ಬೈಯಲಿಲ್ಲ. ನನ್ನ ಕೈಯನ್ನು ಎತ್ತಿ ನನ್ನ ಮಡಿಲಿಗೆ ಇಟ್ಟಳು. ತನ್ನ ಕೈಚೀಲ ತೆಗೆದುಕೊಂಡು ಮೂಡುಬಿದಿರೆಯ ಬಸ್ಸಿಗೆ ಹೋದಳು. ತಂದ ರವಿಕೆ ಜಗಲಿಯ ಮೇಲೆ ಉಳಿಯಿತು.

ಎಷ್ಟೋ ಕಾಲ ಫೋನಿಲ್ಲ. ನಾನು ಮಾಡಿದರೆ ಅವಳ ಅತ್ತೆ ಎತ್ತಿ, ಅವಳು ಅಂಗಡಿಯಲ್ಲಿದ್ದಾಳೆ ಎನ್ನುತ್ತಿದ್ದರು. ಕೊನೆಗೆ ಒಂದು ದಿನ ಅವಳೇ ಮಾಡಿ, ಆಸ್ಪತ್ರೆಗೆ ಬಾ ಎಂದಳು. ಹೋದೆ. ಡಾಕ್ಟರ ಎದುರು ನನ್ನನ್ನು ಕೂರಿಸಿ, ಹೇಳು ಎಂದಳು. ನಾನು ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿಸಿಕೊಂಡರು. ಆ ಸಿಸ್ಟರ್ ಈಗ ಇಲ್ಲಿ ಇಲ್ಲ ಎಂದರು. ಅವಳು ಆ ವರ್ಷವೇ ಬಿಟ್ಟು ಹೋದಳಂತೆ, ಎಲ್ಲಿಗೆಂದು ಅವರಿಗೂ ಗೊತ್ತಿರಲಿಲ್ಲ. ನನ್ನಿಂದಾಗಿ ಹೋದಳೇ ಎಂದು ಕೇಳಲು ನೋಡಿದೆ. ಕೇಳಲಿಲ್ಲ.

ತಂಗಿ ಎರಡನೆಯ ಆಪರೇಷನ್ ಮಾಡಿಸಿಕೊಂಡಳು. ಮಸಾಜನ್ನು ಈ ಸಲ ತಾನೇ ಕಲಿತಳು, ಬಲಗೈಯಿಂದ ಎಡ ಎದೆಯನ್ನು ಒತ್ತುವುದು. ಕನ್ನಡಿಯ ಎದುರು ನಿಲ್ಲಿಸಿ ಹೊಸ ನರ್ಸು ಹೇಳಿಕೊಟ್ಟಳಂತೆ. ಭಾರದ ಕೆಲಸಕ್ಕೆ ಜನ ಬೇಕಿತ್ತು, ನೀರು ಸೇದಲು, ಅನ್ನದ ಪಾತ್ರೆ ಬಾಗಿಸಿ ಗಂಜಿ ಬಸಿಯಲು. ಅದಕ್ಕೆ ನನ್ನನ್ನು ಮೂಡುಬಿದಿರೆಗೆ ಬರಹೇಳಿದಳು. ಬೆಳಗ್ಗೆ ಅವಳು ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡರೆ ನಾನು ಹೊರಗೆ ತರಕಾರಿ ಹೆಚ್ಚುತ್ತಾ ಕಿವಿ ಆ ಕಡೆಗೇ ಇಟ್ಟಿರುತ್ತಿದ್ದೆ. ಒಳಗಿನಿಂದ ಏನೂ ಕೇಳುತ್ತಿರಲಿಲ್ಲ. ಸ್ವಲ್ಪ ತಡವಾದರೆ ಕೈಯಲ್ಲಿದ್ದ ಸೌತೆಕಾಯಿ ಹಾಗೇ ಇರುತ್ತಿತ್ತು.

ಒಂದು ಬೆಳಗ್ಗೆ ಅವಳು ಬಾಗಿಲು ತೆರೆದು ನನ್ನನ್ನು ಒಳಗೆ ಕರೆದಳು. ರವಿಕೆಯ ಗುಂಡಿ ಬಿಚ್ಚಿತ್ತು. ಎದೆಯನ್ನು ಅಂಗೈಯಿಂದ ಮೇಲಕ್ಕೆ ಎತ್ತಿ ಹಿಡಿದು ಕಿಟಕಿಯ ಬೆಳಕಿಗೆ ನಿಂತಳು.

"ಇಲ್ಲಿ ಅಡಿಯಲ್ಲಿ ನನಗೆ ಕನ್ನಡಿಯಲ್ಲೂ ಸರಿಯಾಗಿ ಕಾಣುವುದಿಲ್ಲ. ಮುಟ್ಟಬೇಡ. ನೋಡಿ ಹೇಳು. ಇದ್ದರೆ ಇದ್ದ ಹಾಗೆ ಹೇಳು."

ನಾನು ನೆಲಕ್ಕೆ ಮಂಡಿಯೂರಿ ನೋಡಿದೆ. ಮಡಿಕೆಯ ಹತ್ತಿರ, ಹೊಲಿಗೆಯ ಗುರುತಿನ ಪಕ್ಕದಲ್ಲಿ, ಒಂದು ಗೆರೆಯಷ್ಟು ಕೆಂಪು ಇತ್ತು. ಗಾಯಕ್ಕೆ ಅಂಟಿಸಿದ್ದ ಪ್ಲಾಸ್ಟರಿನ ಗುರುತಿರಬಹುದು, ಬಟ್ಟೆ ಉಜ್ಜಿರಬಹುದು, ನಾಳೆ ಹೋಗಬಹುದು. ಅವಳು ಮೇಲಿನಿಂದ ನನ್ನ ನೆತ್ತಿಯನ್ನು ನೋಡುತ್ತಾ ನಿಂತಿದ್ದಳು.

"ಕೆಂಪು ಉಂಟು," ಎಂದೆ. "ಒಂದು ಕಡೆ. ಗುಳ್ಳೆ ಇಲ್ಲ. ಆದರೆ ಕೆಂಪು ಉಂಟು."

ಅವಳು ಗುಂಡಿ ಹಾಕಿಕೊಂಡು ಸೀರೆ ಬದಲಾಯಿಸಿದಳು. ನಾನು ಒಲೆ ಆರಿಸಿದೆ. ಮಂಗಳೂರಿನ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಮಾತಿಲ್ಲದೆ ಹೋದೆವು. ಪ್ಲಾಸ್ಟರು ಒಗ್ಗದೆ ಚರ್ಮ ಕೆಂಪಾಗಿದೆ, ಬೇರೇನೂ ಅಲ್ಲ ಎಂದು ಡಾಕ್ಟರು ಒಂದು ಮುಲಾಮು ಕೊಟ್ಟು ಕಳುಹಿಸಿದರು.

ಮರುದಿನ ಬೆಳಗ್ಗೆ ಒಳಗಿನಿಂದ ಚಿಲಕ ತೆಗೆದ ಸದ್ದಾಯಿತು. "ಬಾ, ನೋಡು," ಎಂದಳು. ನಾನು ಕೈ ಒರೆಸಿಕೊಂಡು ಹೋಗಿ ನೋಡಿದೆ. ಅಲ್ಲಿ ಇದ್ದಷ್ಟು ದಿನವೂ ಹೆದರಿಕೊಂಡೇ ನೋಡಿದೆ, ಕಂಡದ್ದನ್ನು ಹೇಳಿದೆ. ಮುಟ್ಟು ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ.